ಮಗ್ಗ ಓಡುವಾಗ ಕೂಗಿಸಿ

ಕಾಗದ ಕೈಗೆ ಬಂದಾಗ ಕಣ್ಣಕ್ಕ ಕಂಡಿಕೆ ಬದಲಾಯಿಸುತ್ತಿದ್ದಳು. ಮಗ್ಗದಲ್ಲಿ ಅತ್ತಿತ್ತ ಓಡಿ ಅಡ್ಡನೂಲು ಹಾಯಿಸುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಅದು ಬರಿದಾದ ಕೂಡಲೇ ಮಗ್ಗ ನಿಲ್ಲಿಸಿ ತುಂಬಿದ್ದನ್ನು ಕೂರಿಸಬೇಕು. ಹತ್ತೊಂಬತ್ತು ವರ್ಷಗಳಿಂದ ಅವಳ ಬೆರಳಿಗೆ ಅದು ತುತ್ತು ಬಾಯಿಗಿಟ್ಟಷ್ಟೇ ಸಲೀಸು. ಆ ಸೋಮವಾರ ಮಾತ್ರ ಕಾಗದದ ಎರಡನೇ ಸಾಲಿಗೆ ಬರುವಷ್ಟರಲ್ಲಿ ಲಾಳಿ ಕೈಜಾರಿ ಕಾಲಿನ ಮೇಲೆ ಬಿತ್ತು. ನೋವು ಆಮೇಲೆ ಗೊತ್ತಾಯಿತು.

ಬರುವ ತಿಂಗಳ ಒಂದನೇ ತಾರೀಖಿನಿಂದ ಅವಳನ್ನು ಮಗ್ಗದ ಶೆಡ್ಡಿನಿಂದ ಬಟ್ಟೆ ಮಡಿಸುವ ಕೋಣೆಗೆ ಕಳಿಸಲಾಗುವುದು ಎಂದಿತ್ತು. ಕಾರಣ, ಬೆಂಕಿಯ ಸೈರನ್ ಕೂಗಿದರೆ ಅವಳಿಗೆ ಕೇಳಿಸುವುದಿಲ್ಲ. ಇದೆಲ್ಲ ಅವಳ ಸುರಕ್ಷತೆಗಾಗಿಯೇ. ಕೆಳಗೆ ಮ್ಯಾನೇಜರ್ ಸಹಿ. ಅದರ ಪಕ್ಕದಲ್ಲಿ, ಈಕೆಗೆ ಸೈರನ್ ಕೇಳಿಸದಿರುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಇನ್ನೊಂದು ಸಹಿ. ಬಾಲ ತಿರುಚಿದ ಚೇಳಿನಂತಿದ್ದ ಆ ಸಹಿಯನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಅದು ಮೇಸ್ತ್ರಿಯದು. ಮಗ್ಗದ ಮುಂದೆ ಮೊದಲ ಬಾರಿ ನಿಲ್ಲಿಸಿ, ಹರಿದ ಎಳೆಗೆ ಗಂಟು ಹಾಕುವುದನ್ನು ಕೈಹಿಡಿದು ಕಲಿಸಿದವನು ಅವನೇ.

ಅವಳು ತಲೆಯೆತ್ತಿ ನೋಡಿದಳು. ಮೇಸ್ತ್ರಿ ನಾಲ್ಕನೇ ಸಾಲಿನ ಕೊನೆಯಲ್ಲಿ ಯಾವುದೋ ಮಗ್ಗದ ಬೆಲ್ಟು ಬಿಗಿಯುತ್ತಿದ್ದ. ಆ ಬೆಲ್ಟು ಸಡಿಲವಾಗಿರಲಿಲ್ಲ.

ಕಣ್ಣಕ್ಕ ಹುಟ್ಟುಕಿವುಡಿಯಲ್ಲ. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಹದಿನೇಳು ದಿನ ಕಾಡಿ, ಹೋಗುವಾಗ ಎರಡೂ ಕಿವಿಗಳನ್ನು ಕಟ್ಟಿಕೊಂಡು ಹೋಯಿತು. ಮಾತು ಉಳಿಯಿತು, ತನ್ನ ಮಾತು ತನಗೇ ಕೇಳದೆ ದನಿ ಬರಬರುತ್ತ ಒರಟಾಯಿತು. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುತ್ತಿದ್ದರು. ಅವರ ಬೆನ್ನಿನಿಂದ ಅವಳಿಗೆ ಒಂದಕ್ಷರವೂ ಸಿಗಲಿಲ್ಲ. ಐದನೇ ತರಗತಿಗೆ ಶಾಲೆಗೆ ಕೈಮುಗಿದಳು. ಅಲ್ಲಿಂದ ಮುಂದೆ ಅವಳ ಕಿವಿಯೂ ಬಾಯಿಯೂ ಅವಳ ಅಕ್ಕ. ಅಂಗಡಿಯವನು ಏನೋ ಹೇಳಿ ನಗುತ್ತಿದ್ದ. ಡಾಕ್ಟರು ಐದು ನಿಮಿಷ ಮಾತಾಡುತ್ತಿದ್ದರು. ನೆಂಟರು ಅವಳನ್ನೇ ನೋಡುತ್ತ ತಲೆಯಾಡಿಸುತ್ತಿದ್ದರು. ಏನಂತೆ ಅಕ್ಕ ಎಂದು ಕೇಳಿದರೆ ಅಕ್ಕನಿಂದ ಬರುತ್ತಿದ್ದುದು ಎರಡೇ ಮಾತು. "ಏನಿಲ್ಲ, ಬಾ." ಅಕ್ಕನಿಗೆ ಕೆಟ್ಟ ಮನಸ್ಸಿರಲಿಲ್ಲ, ಹೊತ್ತಿರಲಿಲ್ಲ ಅಷ್ಟೆ. ಹನ್ನೆರಡು ವರ್ಷ ಲೋಕವೆಲ್ಲ ಅವಳ ಪಾಲಿಗೆ ಏನಿಲ್ಲವಾಗಿಯೇ ಇತ್ತು.

ಇಪ್ಪತ್ತೆರಡಕ್ಕೆ ಈ ಶೆಡ್ಡಿಗೆ ಬಂದಳು. ಒಳಗೆ ಕಾಲಿಟ್ಟ ಕೂಡಲೇ ನೆಲದ ನಡುಕ ಅಂಗಾಲಿನಿಂದ ಮೊಳಕಾಲಿಗೆ ಏರಿತು. ನಲವತ್ತು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಅಲ್ಲಿ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಕೂಗಿ ಪ್ರಯೋಜನವಿರಲಿಲ್ಲ. ಒಬ್ಬ ಎರಡು ಬೆರಳು ತಿರುಗಿಸಿದರೆ ಕಂಡಿಕೆ ತಾ ಎಂದು. ಅಂಗೈಯನ್ನು ಕೆನ್ನೆಗೆ ಒತ್ತಿದರೆ ಮೇಸ್ತ್ರಿ ಬಂದ, ಹುಷಾರು ಎಂದು. ಉಳಿದದ್ದನ್ನು ತುಟಿಯನ್ನು ದೊಡ್ಡದಾಗಿ ಆಡಿಸಿ ಹೇಳುತ್ತಿದ್ದರು. ಹೊಸದಾಗಿ ಸೇರಿದವರಿಗೆ ಆ ಭಾಷೆ ಕೈಹತ್ತಲು ಆರು ತಿಂಗಳು ಬೇಕಾಗುತ್ತಿತ್ತು. ಇವಳು ಎರಡನೇ ವಾರದಲ್ಲೇ ಮೂರನೇ ಸಾಲಿನವಳ ಅತ್ತೆ ಸೊಸೆ ಜಗಳವನ್ನು ಒಂದನೇ ಸಾಲಿನಲ್ಲಿ ನಿಂತು ಪೂರ್ತಿ ಓದಿದಳು; ಓದಿ ಸುಮ್ಮನಿರದೆ ಸೊಸೆಯದೇ ತಪ್ಪು ಎಂದು ಕೈಯಲ್ಲೇ ತೀರ್ಪು ಕೊಟ್ಟಳು. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ವಾರ ಕಿವುಡಿ ಎಂದು ಕರೆದವರೇ ಆಮೇಲೆ ಕಣ್ಣಕ್ಕ ಎಂದರು. ಹೆಸರು ಹಾಗೇ ನಿಂತಿತು. ಗುಟ್ಟು ಹೇಳಬೇಕೆಂದರೆ ಕಂಬದ ಮರೆಗೆ ಹೋಗಬೇಕು, ಇಲ್ಲದಿದ್ದರೆ ಕಣ್ಣಕ್ಕನ ಪಾಲಾಗುತ್ತದೆ ಎಂಬುದು ಶೆಡ್ಡಿನ ಮಾತಾಯಿತು.

ಸೈರನ್ ಬಂದದ್ದು ಎರಡು ತಿಂಗಳ ಹಿಂದೆ. ಬೇರೆಲ್ಲೋ ಒಂದು ನೂಲಿನ ಗೋದಾಮಿಗೆ ಬೆಂಕಿ ಬಿದ್ದಿತ್ತು. ಎಲ್ಲ ಕಡೆ ಸೈರನ್ ಇರಲೇಬೇಕೆಂದು ಆಜ್ಞೆ ಬಂತು. ಶೆಡ್ಡಿನ ಬಾಗಿಲ ಮೇಲೆ ಹೊರಗೋಡೆಗೆ ಕೆಂಪು ಬಣ್ಣದ, ಮಗುಚಿಟ್ಟ ಬಕೆಟ್ಟಿನಂಥ ಸೈರನ್ ಕೂರಿಸಿದರು. ಪರೀಕ್ಷೆಗೆ ಮ್ಯಾನೇಜರ್ ವಾರದ ರಜೆಯ ದಿನವನ್ನು ಆರಿಸಿದ; ಕೆಲಸದ ದಿನ ಮಾಡಿದರೆ ನೇಯ್ಗೆ ನಿಲ್ಲುತ್ತದಲ್ಲ. ಎಲ್ಲರನ್ನೂ ಅರ್ಧ ಗಂಟೆಗೆಂದು ಕರೆಸಿ, ನಿಂತ ಮಗ್ಗಗಳ ಮುಂದೆ ನಿಲ್ಲಿಸಿ, ಗುಂಡಿ ಒತ್ತಿದ. ಮೂವತ್ತೊಂಬತ್ತು ತಲೆಗಳು ಮೇಲೆದ್ದವು. ಮೂವತ್ತೊಂಬತ್ತು ಹೆಸರುಗಳ ಮುಂದೆ ಕೇಳಿಸಿತು ಎಂದು ಗುರುತು ಹಾಕಿಕೊಂಡ. ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆದ.

ಅವತ್ತು ಅವಳ ಕಣ್ಣು ಸುಮ್ಮನಿರಲಿಲ್ಲ. ಕೇಳಿಸುವವರ ಮುಖ ಹೇಗಿರುತ್ತದೆ ಎಂದು ನೋಡುತ್ತಿತ್ತು. ಎಲ್ಲರೂ ಒಮ್ಮೆಗೇ ಬೆಚ್ಚಿದರು. ಮೇಸ್ತ್ರಿ ಮಾತ್ರ ಬೆಚ್ಚಲಿಲ್ಲ. ಪಕ್ಕದವರನ್ನು ನೋಡಿದ, ಆಮೇಲೆ ತಲೆಯೆತ್ತಿದ.

ಇದನ್ನೆಲ್ಲ ಮನಸ್ಸಿನಲ್ಲಿ ಮಗುಚುತ್ತ ಅವಳು ಕಾಗದವನ್ನು ಮಡಿಸಿ ಸೆರಗಿಗೆ ಸಿಕ್ಕಿಸಿ, ಮಗ್ಗವನ್ನು ಪಕ್ಕದವನಿಗೆ ನೋಡಿಕೊಳ್ಳಲು ಹೇಳಿ, ನೇರ ಮ್ಯಾನೇಜರ್ ಕೋಣೆಗೆ ಹೋದಳು. ಪಕ್ಕದವನಿಗೆ ಗಡಿಬಿಡಿ ಎಂದು ಹೆಸರು. ಅವನು ಎರಡು ಕೈಯಲ್ಲೂ ಬೇಡ ಬೇಡ ಎಂದ. ಅವಳು ಅಷ್ಟು ಹೊತ್ತಿಗೆ ಬಾಗಿಲು ದಾಟಿದ್ದಳು.

ಮ್ಯಾನೇಜರ್ ಕಿಟಕಿಯ ಕಡೆ ತಿರುಗಿಕೊಂಡೇ ಮಾತು ಶುರುಮಾಡಿದ್ದ.

"ಈ ಕಡೆ ತಿರುಗಿ ಮಾತಾಡಿ ಸರ್," ಎಂದಳು.

ಅವನು ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದಕ್ಕೇ ಅವಳಿಗೆ ಹೆದರಿಕೆಯಾದದ್ದು. ಸಿಟ್ಟಿನವರ ಹತ್ತಿರ ವಾದ ಮಾಡಬಹುದು.

"ನೋಡಮ್ಮ, ನಿನ್ನ ಒಳ್ಳೇದಕ್ಕೇ ಮಾಡಿರೋದು. ಸಂಬಳಕ್ಕೆ ಕತ್ತರಿ ಇಲ್ಲ. ಕೂತು ಮಾಡೋ ಕೆಲಸ. ನಾಳೆ ಬೆಂಕಿ ಬಿದ್ದು ನೀನೊಬ್ಬಳೇ ಒಳಗುಳಿದ್ರೆ ಯಾರು ಜವಾಬ್ದಾರಿ?"

"ಒಬ್ಬಳೇ ಯಾಕೆ ಉಳೀತೀನಿ ಸರ್? ಎಲ್ಲರೂ ಉಳೀತಾರೆ. ಮಗ್ಗ ಓಡುವಾಗ ಸೈರನ್ ಯಾರಿಗೂ ಕೇಳಿಸಲ್ಲ."

"ಒಂದು ಮೈಲಿ ದೂರಕ್ಕೆ ಕೇಳಿಸತ್ತೆ ಅಂತ ಮಾರಿದವರು ಬರೆದುಕೊಟ್ಟಿದ್ದಾರೆ."

"ಮೈಲಿ ದೂರದಲ್ಲಿ ಮಗ್ಗ ಇರಲ್ಲವಲ್ಲ. ಮಗ್ಗ ನಿಲ್ಲಿಸಿ ಪರೀಕ್ಷೆ ಮಾಡಿದ್ರಿ ಸರ್. ಓಡುವಾಗ ಕೂಗಿಸಿ ನೋಡಿ."

ಅವನು ನಕ್ಕ. ಗುರುವಾರ ಬೆಂಕಿ ಸುರಕ್ಷತೆಯ ತಪಾಸಣೆಗೆ ಸರ್ಕಾರದ ಅಧಿಕಾರಿ ಬರುವವಳಿದ್ದಳು. ಆಕೆಯ ಎದುರು ಹೇಗೂ ಒಮ್ಮೆ ಸೈರನ್ ಕೂಗಿಸಬೇಕಾಗಿತ್ತು. ಮಗ್ಗ ಓಡುತ್ತಿರುವಾಗಲೇ ಕೂಗಿಸಿದರೆ ತಪಾಸಣೆಯೂ ಮುಗಿಯುತ್ತದೆ, ಇವಳ ಬಾಯಿಯೂ ಮುಚ್ಚುತ್ತದೆ ಎಂದು ಅವನಿಗೆ ಹೊಳೆದಿರಬೇಕು.

"ಸರಿ. ಗುರುವಾರ ಮಗ್ಗ ಓಡುವಾಗಲೇ ಕೂಗಿಸ್ತೀನಿ. ನಿನ್ನ ಬಿಟ್ಟು ಎಲ್ಲರೂ ಹೊರಗೆ ಬಂದ್ರೆ?"

"ಮಾತಿಲ್ಲದೆ ಬಟ್ಟೆ ಮಡಿಸೋಕೆ ಹೋಗ್ತೀನಿ. ಬರದಿದ್ರೆ ನಾನು ಮಗ್ಗದ ಮೇಲೇ ಇರ್ತೀನಿ. ಬರೆದುಕೊಡಿ."

"ನನ್ನ ಮಾತು ಸಾಲದಾ?"

"ನಿಮ್ಮ ಮಾತು ನನಗೆ ಕೇಳಿಸಲ್ಲ ಸರ್. ಕಾಗದವಾದ್ರೆ ಕಾಣಿಸತ್ತೆ."

ಅವನು ಅದೇ ಕಾಗದದ ಬೆನ್ನಿಗೆ ನಾಲ್ಕು ಸಾಲು ಗೀಚಿ ಸಹಿ ಹಾಕಿದ. ಅವಳೂ ಹಾಕಿದಳು. ಕಾಗದವನ್ನು ಮತ್ತೆ ಸೆರಗಿಗೆ ಸಿಕ್ಕಿಸಿ ಮಗ್ಗಕ್ಕೆ ಮರಳಿದಳು.

ಮನೆಯಲ್ಲಿ ಅಕ್ಕ ಕಾಗದದ ಎರಡೂ ಬದಿ ಓದಿ ತಲೆ ಚಚ್ಚಿಕೊಂಡಳು. ಗಂಡ ತೀರಿಕೊಂಡ ಮೇಲೆ ಅಕ್ಕ ತಂಗಿಯ ಮನೆಗೇ ಬಂದು ಇದ್ದಳು. ವಯಸ್ಸಾದರೂ ತಂಗಿಯ ಬಾಯಿ ತಾನೇ ಎಂಬ ಹಳೆಯ ಹಕ್ಕು ಬಿಟ್ಟಿರಲಿಲ್ಲ.

"ನಿಂಗೆ ತಲೆ ನೆಟ್ಟಗಿದ್ಯಾ? ಕೂತು ತಿನ್ನೋ ಕೆಲಸ ಮನೆ ಬಾಗಿಲಿಗೆ ಬಂದ್ರೆ ಒದ್ದು ಓಡಿಸ್ತೀಯಲ್ಲ. ಮೊಳಕಾಲು ನೋವು ಅಂತ ದಿನಾ ಎಣ್ಣೆ ತಿಕ್ಕೋಳು ನಾನಾ ನೀನಾ?"

"ಆ ಕೋಣೇಲಿ ಒಂದು ವಾರ ಕೂತಿದ್ದೆ ಅಕ್ಕ. ನನ್ನ ಮಗ್ಗ ಕೆಟ್ಟಾಗ."

"ಏನಾಯ್ತು ಅದಕ್ಕೆ? ಹುಲಿ ಕಚ್ಚಿತಾ?"

"ಹನ್ನೆರಡು ಜನ ತಲೆ ಬಗ್ಗಿಸಿ ಬಟ್ಟೆ ಮಡಿಸ್ತಾ ಮಾತಾಡ್ತಾರೆ. ಒಬ್ಬರ ತುಟೀನೂ ಕಾಣಲ್ಲ. ಎಲ್ಲರೂ ನಗ್ತಾರೆ. ಏನು ಅಂತ ಕೇಳಿದ್ರೆ ಏನಿಲ್ಲ ಬಿಡು ಅಂತಾರೆ." ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಶೆಡ್ಡಲ್ಲಿ ನಾನು ಕಿವುಡಿ ಅಲ್ಲ ಅಕ್ಕ. ಆ ಕೋಣೆಗೆ ಹೋದ ದಿನ ಮತ್ತೆ ಆಗ್ತೀನಿ."

ಅಕ್ಕ ಏನೋ ಹೇಳಹೊರಟು ಬಾಯಿ ತೆರೆದಳು. ಅದು ಯಾವ ಮಾತಾಗಲಿತ್ತು ಎಂದು ಇಬ್ಬರಿಗೂ ಗೊತ್ತಿತ್ತು. ಹೇಳದೆ ಮುಚ್ಚಿಕೊಂಡಳು.

ಬುಧವಾರ ಬೆಳಗಿನ ಹೊತ್ತು ಶೆಡ್ಡಿನಲ್ಲಿ ಒಂದು ಸುದ್ದಿ ಹರಿದಾಡಿತು. ಮ್ಯಾನೇಜರ್ ಕೋಣೆಯಿಂದ ಬಂದ ಮೇಸ್ತ್ರಿ ಪ್ರತಿ ಮಗ್ಗದ ಮುಂದೆ ನಿಂತು, ಕೈಗಡಿಯಾರ ತೋರಿಸಿ, ಹನ್ನೊಂದು ಇಪ್ಪತ್ತು ಎಂದು ಬೆರಳು ಮಡಚಿ, ಬಲಗೈಯನ್ನು ತಲೆಯ ಮೇಲೆತ್ತಿ, ಬಾಗಿಲ ಕಡೆ ತೋರಿಸುತ್ತ ಮುಂದೆ ಹೋಗುತ್ತಿದ್ದ. ಅವಳ ಸಾಲಿಗೆ ಬರುವಾಗ ಕಂಬದ ಆಚೆಯಿಂದ ಸುತ್ತುಹಾಕಿದ. ಆದರೆ ಆ ಭಾಷೆಯಲ್ಲಿ ಅವಳಿಂದ ಮುಚ್ಚಿಡಲು ಯಾರಿಂದಾದೀತು. ಗಡಿಬಿಡಿಗೆ ಹೇಳಿದ್ದನ್ನು ಅವನ ಮುಖದ ಮೇಲೇ ಓದಿದಳು. ನಾಳೆ ಹನ್ನೊಂದು ಇಪ್ಪತ್ತಕ್ಕೆ ಮೇಸ್ತ್ರಿ ಕೈ ಎತ್ತುತ್ತಾನೆ. ಕೈ ಎತ್ತಿದ ಕೂಡಲೇ ಎಲ್ಲರೂ ಮಗ್ಗ ನಿಲ್ಲಿಸಿ ಹೊರಗೆ ಓಡಬೇಕು. ಅಧಿಕಾರಿಗೆ ಕಾಣುವುದು ಸೈರನ್ ಕೂಗಿತು, ಜನ ಬಂದರು ಎಂದು. ಅವಳ ನಾಲ್ಕು ಸಾಲಿನ ಕಾಗದ ಒಲೆಗೆ.

 ಗಡಿಬಿಡಿಯ ಕಡೆ ತಿರುಗಿ, ನೀನೂ ಹೋಗ್ತೀಯಾ ಎಂದು ಕಣ್ಣಲ್ಲೇ ಕೇಳಿದಳು. ಅವನು ನೂಲಿನಲ್ಲಿ ಮುಖ ಹುದುಗಿಸಿದ.

ಊಟದ ಬಿಡುವಿನಲ್ಲಿ ಮೇಸ್ತ್ರಿಯನ್ನು ನೀರಿನ ತೊಟ್ಟಿಯ ಹತ್ತಿರ ಹಿಡಿದಳು. ಅವನು ಡಬ್ಬಿ ತೊಳೆಯುತ್ತಿದ್ದ. ಅವಳು ಹಿಂದಿನಿಂದ ಬಂದು, ಅವನ ಬೆನ್ನಿಗೆ ಮೂರು ಮೊಳದಲ್ಲಿ ನಿಂತು, ಇದ್ದಷ್ಟು ದನಿಯೆತ್ತಿ "ಅಣ್ಣ" ಎಂದಳು. ಆ ಕಡೆ ಗೋಡೆಯ ಮೇಲೆ ಕೂತಿದ್ದ ಇಬ್ಬರು ತಿರುಗಿ ನೋಡಿದರು. ಮೇಸ್ತ್ರಿ ಡಬ್ಬಿ ತೊಳೆಯುತ್ತಲೇ ಇದ್ದ. ಅವಳು ಸುತ್ತಿ ಬಂದು ಎದುರು ನಿಂತಳು. ಅವನು ಬೆಚ್ಚಿಬಿದ್ದ.

"ಎಷ್ಟು ವರ್ಷ ಆಯ್ತು ಅಣ್ಣ?"

"ಯಾವುದು?"

"ಕಿವಿ ಹೋಗಿ."

ಮೇಸ್ತ್ರಿ ಡಬ್ಬಿ ತೊಳೆಯುವುದನ್ನು ನಿಲ್ಲಿಸಿದ. ಗೋಡೆಯ ಮೇಲಿದ್ದವರ ಕಡೆ ನೋಡಿ, ಅವಳನ್ನು ನೂಲಿನ ಮೂಟೆಗಳ ಹಿಂದಕ್ಕೆ ಕರೆದ. ತುಟಿ ಮಾತ್ರ ಆಡಿಸಿದ, ಶೆಡ್ಡಿನಲ್ಲಿ ಆಡಿಸುವ ಹಾಗೆ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಆರು ವರ್ಷ ಆಯ್ತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀಲಿ ಒಂದಿಷ್ಟು ಗುಂಯ್ ಅನ್ನತ್ತೆ. ಮನೇಲಿ ಮಕ್ಕಳಿಗೂ ಗೊತ್ತಿಲ್ಲ. ಅಪ್ಪನಿಗೆ ಗರ್ವ ಬಂದಿದೆ, ಕರೆದ್ರೆ ಓ ಅನ್ನಲ್ಲ ಅಂತ ಬೈತಾರೆ."

"ಮತ್ತೆ ನನ್ನ ಕಾಗದಕ್ಕೆ ಸಹಿ ಯಾಕೆ ಹಾಕಿದ್ರಿ?"

ಅವನು ಡಬ್ಬಿಯ ಮುಚ್ಚಳವನ್ನು ತಿರುವಿ ತಿರುವಿ ನೋಡಿದ. "ಹಾಕಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೇಳೋಕೆ ಶುರು ಮಾಡಿದ್ರೆ ಎಲ್ಲಿಗೆ ಬಂದು ನಿಲ್ತಾರೆ ಹೇಳು. ನಿನಗೆ ಮಡಿಸೋ ಕೋಣೆ ಆದ್ರೂ ಇದೆ ತಂಗಿ. ಮೇಸ್ತ್ರಿ ಕಿವುಡ ಅಂತ ಗೊತ್ತಾದ್ರೆ ನನ್ನನ್ನ ಗೇಟಿನ ಹೊರಗೇ ಬಿಡೋದು. ಇನ್ನು ಒಂದೂವರೆ ವರ್ಷ ತಳ್ಳಿಬಿಟ್ರೆ ಮರ್ಯಾದೆಯಾಗಿ ಹೋಗ್ತೀನಿ."

 ನಾಳೆ ಬರುವ ಅಧಿಕಾರಿಯ ಮುಂದೆ ಒಂದೇ ಮಾತು ಹೇಳಿದರೆ ಸಾಕಿತ್ತು. ಅವರಿಗೂ ಕೇಳಿಸಲ್ಲ ಮೇಡಂ, ಬೆನ್ನ ಹಿಂದೆ ನಿಂತು ಕರೆದು ನೋಡಿ. ಆ ಸಹಿಗೆ ಆಮೇಲೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತದ್ದನ್ನು ಮೇಸ್ತ್ರಿಯೂ ಕಂಡ.

"ನಾಳೆ ಹೇಳ್ತೀಯಾ?"

ಬಿಡುವು ಮುಗಿದು ಜನ ಒಳಗೆ ಹೋಗತೊಡಗಿದರು. ನೆಲ ಮೆಲ್ಲಗೆ ನಡುಗತೊಡಗಿತು.

"ನಾನು ಹೇಳಲ್ಲ," ಎಂದಳು. "ಅದು ನಿಮ್ಮ ಬಾಯಿಂದ ಬರಬೇಕಾದ ಮಾತು. ಆದ್ರೆ ನಾಳೆ ಕೈ ಎತ್ತುವಾಗ ನನ್ನ ಮುಖ ನೋಡ್ತಾ ಎತ್ತಿ. ಬೇರೆ ಕಡೆ ನೋಡ್ತಾ ಎತ್ತಬೇಡಿ."

ಗುರುವಾರ ಹನ್ನೊಂದಕ್ಕೆ ಅಧಿಕಾರಿ ಬಂದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೈಯಲ್ಲಿ ರಟ್ಟಿನ ಹಲಗೆ, ಕತ್ತಿನಲ್ಲಿ ಸೆಕೆಂಡು ಎಣಿಸುವ ಗಡಿಯಾರ. ಶೆಡ್ಡಿನ ಬಾಗಿಲಲ್ಲಿ ಮ್ಯಾನೇಜರ್ ಅವಳ ಕಿವಿಗೆ ಬಾಯಿಟ್ಟು ಏನೋ ಕೂಗಿ ಹೇಳುತ್ತಿದ್ದ. ಅವಳು ಏನು, ಏನು ಎಂದು ಮುಖ ಸಿಂಡರಿಸುತ್ತಿದ್ದಳು. ಕೊನೆಗೆ ಇಬ್ಬರೂ ಹೊರಗೆ ಹೋದರು. ಸೈರನ್ನಿನ ಗುಂಡಿ ಹೊರಗೆ ಇತ್ತು.

ಗೋಡೆಯ ಗಡಿಯಾರ ಹನ್ನೊಂದು ಹತ್ತು ತೋರಿಸಿತು. ಕಣ್ಣಕ್ಕನ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಹಾಗಾಗಿಯೇ ಹಾಸಿನಲ್ಲಿ, ಮಗ್ಗದ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದು ಎಳೆ ಹರಿದದ್ದು ನಾಲ್ಕು ಬೆರಳು ನೇಯ್ದ ಮೇಲೆ ಕಂಡಿತು. ಮಗ್ಗ ನಿಲ್ಲಿಸಿ ಎಳೆ ಹುಡುಕಿದಳು. ಕಣ್ಣು ಮುಚ್ಚಿ ಹಾಕುವ ಗಂಟು ಮೂರು ಸಲ ಜಾರಿತು. ಮತ್ತೆ ಓಡಿಸುವ ಹೊತ್ತಿಗೆ ಹನ್ನೊಂದು ಹದಿನೆಂಟು.

ಮೇಸ್ತ್ರಿ ನಡುದಾರಿಯಲ್ಲಿ ನಿಂತಿದ್ದ. ಎಲ್ಲ ಸಾಲುಗಳಿಗೂ ಕಾಣುವ ಜಾಗ ಅದೊಂದೇ. ನಲವತ್ತು ಜೊತೆ ಕಣ್ಣುಗಳು ಬಟ್ಟೆಗೊಮ್ಮೆ, ಅವನಿಗೊಮ್ಮೆ ಓಡುತ್ತಿದ್ದವು. ಹನ್ನೊಂದು ಇಪ್ಪತ್ತು. ಅವನು ಕೈಗಡಿಯಾರ ನೋಡಿದ. ಬಲಗೈ ಮೇಲಕ್ಕೆ ಹೊರಟಿತು. ಸೊಂಟ ದಾಟಿತು, ಎದೆಗೆ ಬಂತು. ಗಡಿಬಿಡಿ ಹೆಸರಿಗೆ ತಕ್ಕಂತೆ ಆಗಲೇ ಮಗ್ಗದ ಹಿಡಿಯನ್ನು ಹಿಡಿದು, ಒಂದು ಕಾಲು ದಾರಿಗೆ ಇಟ್ಟಿದ್ದ.

ಮೇಸ್ತ್ರಿ ಅವಳ ಮುಖ ನೋಡಿದ.

ಅವಳು ಕಣ್ಣು ತಪ್ಪಿಸಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಮೊದಲ ದಿನ ಅವನು ಗಂಟು ಹಾಕಿ ತೋರಿಸುವಾಗ ಹೇಗೆ ನೋಡಿದ್ದಳೋ ಹಾಗೆ ನೋಡಿದಳು, ಮುಂದೇನು ಮಾಡುತ್ತಾನೆ ಎಂದು.

ಎದೆಯವರೆಗೆ ಬಂದ ಕೈ ಅಲ್ಲೇ ನಿಂತಿತು. ಅಂಗಿಯ ಗುಂಡಿಯನ್ನು ಮುಟ್ಟಿತು. ಮೆಲ್ಲಗೆ ಕೆಳಗಿಳಿದು ಜೇಬಿಗೆ ಹೋಯಿತು.

ಗಡಿಬಿಡಿ ಬಾಯಿ ಬಿಟ್ಟುಕೊಂಡು ನಿಂತ. ಕಾಲನ್ನು ಹಿಂದಕ್ಕೆಳೆದುಕೊಂಡ. ಮಗ್ಗಗಳು ಓಡುತ್ತಲೇ ಇದ್ದವು. ಒಂದು ನಿಮಿಷ ಕಳೆಯಿತು. ಬಾಗಿಲಲ್ಲಿ ಮ್ಯಾನೇಜರ್ ತಲೆ ಕಂಡಿತು. ಅವನು ಮೇಸ್ತ್ರಿಯ ಕಡೆ ಕೈಬೀಸಿದ, ಎತ್ತು ಎತ್ತು ಎಂದು. ಮೇಸ್ತ್ರಿ ನಿಧಾನವಾಗಿ ತಿರುಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕುತ್ತಿಗೆಯ ಬೆವರು ಅಂಗಿಗೆ ಇಳಿಯುತ್ತಿತ್ತು. ಎರಡು ನಿಮಿಷವಾಯಿತು. ಅಧಿಕಾರಿ ಒಳಗೆ ಬಂದಳು. ಸಾಲಿನ ನಡುವೆ ನಡೆದು ಒಬ್ಬೊಬ್ಬರ ಮುಖ ನೋಡಿದಳು. ಅವರು ಯಾರೋ ಹೊಸಬರು ಬಂದರೆಂದು ಅವಳನ್ನು ನೋಡಿದರು, ಮತ್ತೆ ಬಟ್ಟೆಗೆ ತಿರುಗಿದರು. ಅವಳು ಬಾಗಿಲ ಕಡೆ ಹೋಗಿ ಹೊರಗೆ ತಲೆ ಹಾಕಿದಳು, ಮತ್ತೆ ಒಳಗೆಳೆದುಕೊಂಡಳು. ಮತ್ತೊಮ್ಮೆ ಹೊರಗೆ, ಮತ್ತೊಮ್ಮೆ ಒಳಗೆ. ಅವಳ ಹುಬ್ಬು ಗಂಟಿಕ್ಕಿತು.

ಆಗ ಮೇಸ್ತ್ರಿ ನಡೆಯತೊಡಗಿದ. ಗೋಡೆಯಲ್ಲಿ ಮಗ್ಗಗಳ ಮೇನ್ ಸ್ವಿಚ್ಚಿನ ಪೆಟ್ಟಿಗೆಯಿತ್ತು. ಅದನ್ನು ಅವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಓಡುವ ಮಗ್ಗಗಳನ್ನು ಒಮ್ಮೆಗೇ ನಿಲ್ಲಿಸಿದರೆ ಲಾಳಿ ಹಾಸಿನ ನಡುವೆ ಸಿಕ್ಕಿಬಿದ್ದು ಎಳೆಗಳು ಹಿಡಿಹಿಡಿಯಾಗಿ ಹರಿಯುತ್ತವೆ. ಅದನ್ನು ಎಲ್ಲರಿಗೂ ಕಲಿಸಿದವನೂ ಅವನೇ. ಅವನು ಪೆಟ್ಟಿಗೆ ತೆರೆದು ಹಿಡಿಯನ್ನು ಕೆಳಗೆಳೆದ.

ಕಣ್ಣಕ್ಕನ ಅಂಗಾಲಿನ ಕೆಳಗೆ ನೆಲ ಸತ್ತುಬಿದ್ದಿತು.

ಮರುಗಳಿಗೆ ಶೆಡ್ಡಿನ ತುಂಬ ಜನ ಕಿವಿ ಮುಚ್ಚಿಕೊಂಡರು. ಮುಖ ಕಿವುಚಿಕೊಂಡು, ಮೈ ಬಗ್ಗಿಸಿಕೊಂಡು, ಎಲ್ಲಿಂದ ಬಂತು ಇದು ಎಂದು ಸುತ್ತಮುತ್ತ ನೋಡಿದರು. ಆಗಲೇ ಅವಳಿಗೆ ಖಾತ್ರಿಯಾದದ್ದು, ಸೈರನ್ ಇಷ್ಟು ಹೊತ್ತೂ ಕೂಗುತ್ತಲೇ ಇತ್ತೆಂದು. ಐದನೇ ಸಾಲಿನ ಇಬ್ಬರು ಹಳಬರು ಪಕ್ಕದವರನ್ನು ನೋಡಿಕೊಂಡು ಒಂದು ಗಳಿಗೆ ತಡವಾಗಿ ಕಿವಿ ಮುಚ್ಚಿದರು. ಮುಚ್ಚದೆ ನಿಂತವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬ ಸ್ವಿಚ್ಚಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದೂ ನಿಂತಿದ್ದ.

ಅಧಿಕಾರಿ ಅವನ ಹತ್ತಿರ ಬಂದಳು. ಅವಳ ತುಟಿ ಕಣ್ಣಕ್ಕನಿಗೆ ಸ್ಪಷ್ಟವಾಗಿ ಕಂಡಿತು.

"ನೀವು ಯಾಕೆ ಕಿವಿ ಮುಚ್ಚಿಲ್ಲ?"

"ಈಗ ಕೂಗ್ತಾ ಇದೆಯಾ ಮೇಡಂ?" ಎಂದ ಮೇಸ್ತ್ರಿ. "ನೀವೇ ಹೇಳಬೇಕು. ನನಗೆ ಗೊತ್ತಾಗಲ್ಲ."

ಮ್ಯಾನೇಜರ್ ಕೋಣೆಯಲ್ಲಿ ನಾಲ್ವರು ಕೂತರು. ಅಧಿಕಾರಿ ಹಲಗೆಯ ಮೇಲೆ ಬರೆಯುತ್ತ ಹೋದಳು. ಸೈರನ್ ಎರಡು ನಿಮಿಷ ಐವತ್ತು ಸೆಕೆಂಡು ಕೂಗಿದೆ, ಒಬ್ಬರೂ ಹೊರಗೆ ಬಂದಿಲ್ಲ. ಈ ಶೆಡ್ಡು ಯಾರಿಗೂ ಸುರಕ್ಷಿತವಲ್ಲ. ಪ್ರತಿ ಸಾಲಿನ ಎರಡೂ ತುದಿಗೆ ಮಿನುಗುವ ಕೆಂಪು ದೀಪ ಬೇಕು. ನೂಲಿನ ಗೋದಾಮಿಗೆ ಬೇಕು.

"ಕಕ್ಕಸಿಗೂ ಬೇಕು," ಎಂದಳು ಕಣ್ಣಕ್ಕ. "ಅಲ್ಲಿರುವಾಗಲೂ ಬೆಂಕಿ ಬೀಳತ್ತೆ."

ಅಧಿಕಾರಿ ನಗದೆ ಅದನ್ನೂ ಬರೆದಳು. ಮ್ಯಾನೇಜರ್ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ಕೆಮ್ಮಿ ಮುಂದೆ ಬಾಗಿದ.

"ಮೇಡಂ, ಒಂದು ಸೇರಿಸಿ. ಎಲ್ಲರಿಗೂ ಕಿವಿ ಪರೀಕ್ಷೆ ಮಾಡಿಸೋಣ. ಯಾರ್ಯಾರಿಗೆ ಕೇಳಿಸಲ್ಲವೋ ಅಂಥವರನ್ನ ಶೆಡ್ಡಿಂದ ತೆಗೆದು..."

ಮೇಸ್ತ್ರಿಗೆ ಆ ಮಾತು ಕೇಳಿಸಲಿಲ್ಲ. ಅವನು ಮೇಜಿನ ಅಂಚನ್ನೇ ನೋಡುತ್ತಿದ್ದ. ಕಣ್ಣಕ್ಕ ಓದಿದಳು. ಎದ್ದು ನಿಂತಳು.

"ಪರೀಕ್ಷೆ ಮಾಡಿಸಿ ಸರ್. ಆದ್ರೆ ಮೊದಲು ಕಿವಿಯ ಕಾರಣಕ್ಕೆ ಯಾರನ್ನೂ ಶೆಡ್ಡಿಂದ ತೆಗೆಯಬಾರದು ಅಂತ ಬರೀರಿ ಮೇಡಂ. ಅದು ಬರೆದ ಮೇಲೆ ಪರೀಕ್ಷೆ."

"ಅದು ನನ್ನ ವರದಿಯೊಳಗೆ ಬರೋ ವಿಷಯ ಅಲ್ಲಮ್ಮ," ಎಂದಳು ಅಧಿಕಾರಿ.

"ಹಾಗಾದ್ರೆ ನಾಳೆ ಒಬ್ಬರೂ ನಿಜ ಹೇಳಲ್ಲ. ಐದನೇ ಸಾಲಿನವರು ಪಕ್ಕದವರನ್ನ ನೋಡ್ಕೊಂಡು ಕಿವಿ ಮುಚ್ಚಿದ್ದನ್ನ ನೀವೂ ನೋಡಿದ್ರಿ. ಬೆಂಕಿ ಬಿದ್ದ ದಿನವೂ ಹಾಗೇ ನಟಿಸ್ತಾ ಒಳಗೇ ಉಳೀತಾರೆ." ಅವಳು ಮೇಸ್ತ್ರಿಯ ಕಡೆ ಕೈ ತೋರಿಸಿದಳು. "ನನ್ನ ಕಿವಿ ಜ್ವರಕ್ಕೆ ಹೋಯ್ತು ಮೇಡಂ. ಅದಕ್ಕೆ ಯಾರನ್ನೂ ದೂರಲ್ಲ. ಅಣ್ಣನ ಕಿವಿ ಈ ಶೆಡ್ಡಿಗೇ ಹೋಗಿದ್ದು. ಕಿವಿ ತಗೊಂಡ ಮೇಲೆ ಕೆಲಸಾನೂ ತಗೊಳ್ತಾರಾ?"

 ಮೇಸ್ತ್ರಿ ತಲೆಯೆತ್ತಿ, ಏನಾಯಿತು ಎಂದು ಅವಳನ್ನು ನೋಡಿದ. ಅವಳು ಶೆಡ್ಡಿನ ಭಾಷೆಯಲ್ಲಿ, ಕೈಯಲ್ಲಿ, ಒಂದೊಂದು ಮಾತನ್ನೂ ಬಿಡದೆ ಹೇಳಿದಳು. ಮ್ಯಾನೇಜರ್ ಹೇಳಿದ್ದನ್ನು, ತಾನು ಹೇಳಿದ್ದನ್ನು, ಅಧಿಕಾರಿ ಹೇಳಿದ್ದನ್ನು. 

ಅಧಿಕಾರಿ ಮ್ಯಾನೇಜರ್ ಕಡೆ ತಿರುಗಿದಳು. "ಮಗ್ಗ ಓಡಬೇಕೋ ಬೇಡವೋ?"

"ಓಡಬೇಕು ಮೇಡಂ."

"ದೀಪ ಬರೋವರೆಗೆ ಓಡಿಸಬೇಡಿ ಅಂತ ಬರೆಯೋ ಅಧಿಕಾರ ನನಗಿದೆ. ಅದನ್ನ ಬರೆಯಲಾ, ಇಲ್ಲ ನೀವು ಈಕೆ ಕೇಳಿದ್ದನ್ನ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ ವರದಿಗೆ ಸೇರಿಸ್ತೀರಾ? ಸೇರಿಸಿದ್ರೆ ದೀಪ ಬರೋವರೆಗೆ ಸಾಲಿಗೊಬ್ಬರನ್ನ ಬಾಗಿಲ ಕಡೆ ಕಾವಲು ನಿಲ್ಲಿಸಿ ಓಡಿಸಿ. ಅಪಾಯ ಕಂಡ್ರೆ ಅವರು ಕೈ ಎತ್ತಲಿ."

ಮ್ಯಾನೇಜರ್ ಬರೆದ. ಬರೆದದ್ದನ್ನು ಕಣ್ಣಕ್ಕ ಎರಡು ಸಲ ಓದಿದಳು. ವಿಶೇಷ ಅನುಕಂಪದಿಂದ ಎಂದು ಶುರುವಾಗಿತ್ತು. ಆ ಎರಡು ಪದ ಹೊಡೆದು ಹಾಕಿಸಿದಳು. ಆಮೇಲೆ ಮೇಸ್ತ್ರಿ ತನಗೆ ಆರು ವರ್ಷದಿಂದ ಕೇಳಿಸುವುದಿಲ್ಲವೆಂಬ ಸಾಲಿನ ಕೆಳಗೆ ಸಹಿ ಹಾಕಿದ. ಪೆನ್ನು ಕಾಗದದ ಮೇಲೆ ತುಂಬ ಹೊತ್ತು ನಿಂತಿತ್ತು.

ಅವರಿಬ್ಬರೂ ಶೆಡ್ಡಿಗೆ ಮರಳಿದಾಗ ಜನ ಮಗ್ಗಗಳಿಗೆ ಮುತ್ತಿಕೊಂಡಿದ್ದರು. ಹದಿನಾಲ್ಕು ಮಗ್ಗಗಳಲ್ಲಿ ಲಾಳಿ ಸಿಕ್ಕಿಬಿದ್ದು ಹಾಸು ಕಿತ್ತು ಬಂದಿತ್ತು. ಗಡಿಬಿಡಿ ತನ್ನ ಮಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ಮೇಲೆ ಕೈಹೊತ್ತಿದ್ದ.

"ಕೈ ಎತ್ತಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ," ಎಂದ. ಅಂದ ಮೇಲೆ ಕಣ್ಣಕ್ಕನ ಮುಖ ನೋಡಿ ನಾಚಿದ. "ನಾನು ಒಂದೇ ಕಾಲು ಇಟ್ಟಿದ್ದು ಕಣ್ಣಕ್ಕ. ಇನ್ನೊಂದು ಒಳಗೇ ಇತ್ತು."

"ಆ ಕಾಲಿಗೆ ನಮಸ್ಕಾರ," ಎಂದಳು.

ಅವಳ ಮಗ್ಗದಲ್ಲಿ ತೊಂಬತ್ತಾರು ಎಳೆ ಹರಿದಿದ್ದವು. ಅವಳು ಮುಂದಿನಿಂದ ಕೂತಳು. ಮೇಸ್ತ್ರಿ ಕನ್ನಡಕ ಒರೆಸಿಕೊಂಡು ಹಿಂದಿನಿಂದ ಕೂತ. ಒಬ್ಬರು ಎಳೆ ಹುಡುಕಿ ಕೊಡುವುದು, ಇನ್ನೊಬ್ಬರು ಗಂಟು ಹಾಕುವುದು. ಇಬ್ಬರಿಗೂ ಹೇಳಬೇಕಾದದ್ದು ಬೇಕಾದಷ್ಟಿತ್ತು, ಆದರೆ ನಾಲ್ಕು ಕೈಗಳೂ ನೂಲು ಹಿಡಿದಿದ್ದವು. ಸಂಜೆ ನಾಲ್ಕೂವರೆಗೆ ಕೊನೆಯ ಗಂಟು ಬಿತ್ತು. ಮೇಸ್ತ್ರಿ ಎದ್ದು, ಸೊಂಟ ಹಿಡಿದುಕೊಂಡು, ಓಡಿಸು ಎಂದು ಕೈಮಾಡಿದ. ಅವಳು ಹಿಡಿಯನ್ನು ಎಳೆದಳು.